ಕೀಮೋ ನಡೆಯುತ್ತಿರುವ ಮನೆಗೆ ಏನು ಒಯ್ಯಬೇಕು, ಯಾವ ವಾರ ಒಯ್ಯಬೇಕು

ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎನ್ನುವುದು ನಮ್ಮ ಸೀಮೆಯ ರೂಢಿ. ಮೈಸೂರಿನಲ್ಲಾದರೆ ದೇವರಾಜ ಮಾರುಕಟ್ಟೆಯಲ್ಲಿ ಅರ್ಧ ಡಜನ್ ಕಿತ್ತಳೆ, ಒಂದು ಚಿಪ್ಪು ಬಾಳೆಹಣ್ಣು, ಮುಡಿಯಲು ಒಂದು ಮೊಳ ಮಲ್ಲಿಗೆ. ಮಂಡ್ಯದಲ್ಲಾದರೆ ಬಸ್ ಸ್ಟ್ಯಾಂಡಿನ ಹತ್ತಿರ ಬ್ರೆಡ್ಡು, ಎರಡು ಎಳನೀರು, ಒಂದು ಹಾರ್ಲಿಕ್ಸ್ ಬಾಟಲಿ. ಜ್ವರ ಬಂದು ಮಲಗಿದವರಿಗೆ ಇಷ್ಟು ಸಾಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಸಾಲದು, ಕೆಲವು ಸಲ ಅದೇ ಚೀಲ ತೊಂದರೆಯನ್ನೂ ಕೊಡುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಆ ತಿಂಗಳುಗಳಲ್ಲಿ ಒಬ್ಬರದೇ ಬಾಯಿ, ಮೂಗು, ಚರ್ಮ, ರಕ್ತ ವಾರದಿಂದ ವಾರಕ್ಕೆ ಬದಲಾಗುತ್ತಿರುತ್ತವೆ. ಮೊದಲ ವಾರ ವಾಸನೆಗೇ ವಾಕರಿಕೆ ತರಿಸಿದ ಪಾಯಸವನ್ನು ಮೂರನೇ ವಾರ ಅವರೇ ಕೇಳಿ ಹಾಕಿಸಿಕೊಳ್ಳಬಹುದು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯವರಿಗೆ ಒಂದು ಫೋನ್ ಮಾಡಿ, ಎರಡೇ ಪ್ರಶ್ನೆ ಕೇಳಿ. ಯಾವ ಚಿಕಿತ್ಸೆ ನಡೀತಿದೆ? ಹಿಂದಿನ ಡೋಸ್ ಆಗಿ ಎಷ್ಟು ದಿನ ಆಯ್ತು? ಇಷ್ಟು ಗೊತ್ತಾದರೆ ಮುಕ್ಕಾಲು ಪಾಲು ತಪ್ಪುಗಳು ತಪ್ಪುತ್ತವೆ. ‘ಯಾವ ಸ್ಟೇಜು’ ಎಂದು ಕೇಳುವ ಅಗತ್ಯವೇ ಇಲ್ಲ. ಉಡುಗೊರೆ ಆರಿಸಲು ಅದರಿಂದ ಏನೂ ನೆರವಾಗದು, ಉತ್ತರ ಹೇಳಬೇಕಾದವರಿಗೆ ಮಾತ್ರ ಸಂಕಟ.

ಇಪ್ಪತ್ತೊಂದು ದಿನದ ಲೆಕ್ಕ

ಕೀಮೋ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧವನ್ನು ಸಾಮಾನ್ಯವಾಗಿ ಸೈಕಲ್ (ಸುತ್ತು) ಲೆಕ್ಕದಲ್ಲಿ ಕೊಡುತ್ತಾರೆ. ಹೆಚ್ಚಿನ ಔಷಧಗಳಿಗೆ 21 ದಿನಕ್ಕೊಮ್ಮೆ, ಕೆಲವಕ್ಕೆ 14 ದಿನಕ್ಕೊಮ್ಮೆ, ಇನ್ನು ಕೆಲವಕ್ಕೆ ವಾರಕ್ಕೊಮ್ಮೆ. 21 ದಿನದ ಸೈಕಲ್‌ನ ನಡೆ ಅರ್ಥವಾದರೆ ಉಳಿದವನ್ನು ಊಹಿಸಬಹುದು.

ಡ್ರಿಪ್ ಹಾಕಿಸಿಕೊಂಡ ದಿನ ಅನೇಕರು ಚೆನ್ನಾಗಿಯೇ ಕಾಣುತ್ತಾರೆ. ವಾಂತಿ ತಡೆಯಲೆಂದು ಕೊಡುವ ಸ್ಟೀರಾಯ್ಡ್ ಮೈಗೆ ಸ್ವಲ್ಪ ಹುರುಪನ್ನೂ ಕೊಡುತ್ತದೆ. ಎರಡರಿಂದ ಐದನೇ ದಿನದವರೆಗೆ ಅದು ಇಳಿಯುತ್ತದೆ. ವಾಕರಿಕೆ, ಸುಸ್ತು, ಬಾಯಿಗೆ ತಗಡು ನೆಕ್ಕಿದಂಥ ರುಚಿ, ಯಾವ ವಾಸನೆಯೂ ಬೇಡ ಎನ್ನುವ ಸ್ಥಿತಿ. ಏಳರಿಂದ ಹದಿನಾಲ್ಕನೇ ದಿನದ ನಡುವೆ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳ ಸಂಖ್ಯೆ ತಳ ಮುಟ್ಟುತ್ತದೆ. ವಾರ್ಡಿನಲ್ಲಿ ‘ಕೌಂಟ್ ಇಳಿದಿದೆ’ ಎನ್ನುವುದು ಇದನ್ನೇ. ಆಗ ಕಣ್ಣಿಗೆ ಕಾಣುವ ತೊಂದರೆ ಕಡಿಮೆ, ನಿಜವಾದ ಅಪಾಯ ಹೆಚ್ಚು. ನೆಗಡಿ, ಕಲುಷಿತ ಆಹಾರ, ಗಾಯಕ್ಕೆ ಅಂಟಿದ ಕೊಳೆ, ಯಾವುದಾದರೂ ಆಸ್ಪತ್ರೆಗೆ ಸೇರಿಸುವ ಹಂತಕ್ಕೆ ಒಯ್ಯಬಹುದು. ಮೂರನೇ ವಾರ ಕೌಂಟ್ ಏರುತ್ತದೆ, ರುಚಿ ಒಂದಿಷ್ಟು ಮರಳುತ್ತದೆ, ಜನ ಬಂದರೆ ಹಿತವಾಗುತ್ತದೆ. ನೋಡಲು ಹೋಗುವುದು, ಒಟ್ಟಿಗೆ ಕೂತು ಊಟ ಮಾಡುವುದು, ಮಕ್ಕಳನ್ನು ಕರೆದೊಯ್ಯುವುದು ಏನಿದ್ದರೂ ಈ ವಾರ. ಎರಡನೇ ವಾರ ಬಾಗಿಲಲ್ಲಿ ಡಬ್ಬಿ ಇಟ್ಟು ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೆಮ್ಮು, ಸೀತಾಳೆ ಸಿಡುಬು ಇದ್ದರೆ ಯಾವ ವಾರವೂ ಹೋಗಬೇಡಿ.

ರೇಡಿಯೇಷನ್‌ನ ಲೆಕ್ಕ ಬೇರೆ. ಹಳ್ಳಿ ಕಡೆ ಇದನ್ನು ‘ಕರೆಂಟ್ ಕೊಡಿಸೋದು’ ಎನ್ನುತ್ತಾರೆ. ವಾರಕ್ಕೆ ಐದು ದಿನ, ಮೂರರಿಂದ ಆರು ವಾರ. ಒಂದೊಂದು ದಿನದ ಚಿಕಿತ್ಸೆ ಕೆಲವೇ ನಿಮಿಷ, ಓಡಾಟ ಮಾತ್ರ ಇಡೀ ದಿನದ್ದು. ತೊಂದರೆ ನಿಧಾನವಾಗಿ ಕೂಡುತ್ತಾ ಹೋಗಿ ಕೊನೆಯ ವಾರಗಳಲ್ಲಿ ಮತ್ತು ಮುಗಿದ ಮೇಲಿನ ಒಂದೆರಡು ವಾರಗಳಲ್ಲಿ ಹೆಚ್ಚುತ್ತದೆ. ‘ಮುಗೀತಲ್ಲ’ ಎಂದು ಎಲ್ಲರೂ ದೂರವಾಗುವ ಹೊತ್ತಿಗೇ ಅವರಿಗೆ ನೆರವು ಬೇಕಾಗಿರುತ್ತದೆ.

ಮೈಸೂರಿನ ಹೆಮ್ಮೆಯ ವಸ್ತುಗಳ ಬಗ್ಗೆ

ನಮ್ಮೂರಿನವರು ಪ್ರೀತಿಯಿಂದ ಮೊದಲು ಕೈಗೆತ್ತಿಕೊಳ್ಳುವ ಉಡುಗೊರೆಗಳಲ್ಲಿ ಹೆಚ್ಚಿನವು ಪರಿಮಳದವು. ಮಲ್ಲಿಗೆ, ಊದುಬತ್ತಿ, ಗಂಧದ ಸೋಪು. ಕೀಮೋ ಸಮಯದಲ್ಲಿ ಮೂಗಿಗೂ ವಾಕರಿಕೆಗೂ ನೇರ ನಂಟು ಬೆಳೆದಿರುತ್ತದೆ. ಚಿಕಿತ್ಸೆಯ ದಿನ ಮೂಗಿಗೆ ಬಡಿದ ವಾಸನೆಯನ್ನು ಮೈ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ತಿಂಗಳುಗಳ ನಂತರವೂ ಅದೇ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ. ಜೀವನಪೂರ್ತಿ ಮಲ್ಲಿಗೆ ಮುಡಿದವರಿಗೆ ಮಲ್ಲಿಗೆಯೇ ಬೇಡವಾಗಬಾರದು ಎನ್ನುವ ಕಾಳಜಿ ಇದ್ದರೆ ಆ ಕೆಲವು ತಿಂಗಳು ಮಲ್ಲಿಗೆಯನ್ನು ದೂರ ಇಡುವುದೇ ಪ್ರೀತಿ. ನೀವು ಭೇಟಿಗೆ ಹೋಗುವಾಗಲೂ ಸೆಂಟು ಬೇಡ. ಸೋಪು ಕೊಡಲೇಬೇಕೆಂದರೆ ಪರಿಮಳವಿಲ್ಲದ್ದನ್ನು ಕೊಡಿ. ರೇಡಿಯೇಷನ್ ಬೀಳುವ ಜಾಗಕ್ಕೆ ಪರಿಮಳದ ಪೌಡರ್, ಗಂಧ, ಅರಿಶಿನ ಯಾವುದೂ ಆಗದು. ಅಲ್ಲಿ ಹಚ್ಚುವ ಎಣ್ಣೆ, ಕ್ರೀಮನ್ನೂ ರೇಡಿಯೇಷನ್ ಕೊಡುವ ತಂಡವನ್ನು ಕೇಳಿಯೇ ಹಚ್ಚಬೇಕು. ಮೈಮೇಲೆ ಗುರುತು ಹಾಕಿದ ಗೆರೆಗಳನ್ನು ಉಜ್ಜಿ ಅಳಿಸುವಂಥ ಸೀಗೆಪುಡಿ, ಸ್ಕ್ರಬ್ಬು ಬೇಡವೇ ಬೇಡ.

ಹೂಗುಚ್ಛ, ಕುಂಡದ ಗಿಡ ಕೌಂಟ್ ಇಳಿದಿರುವಾಗ ಒಳ್ಳೆಯದಲ್ಲ. ಹೂದಾನಿಯಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ, ಕುಂಡದ ಮಣ್ಣಿನಲ್ಲಿ ಶಿಲೀಂಧ್ರದ ಬೀಜಕಣ ಇರುತ್ತವೆ. ಆರೋಗ್ಯವಂತರ ಶ್ವಾಸಕೋಶ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ, ಇವರದು ಇಡಬೇಕಾಗುತ್ತದೆ.

ರೇಷ್ಮೆಯ ವಿಷಯ ಕುತೂಹಲಕಾರಿ. ಕೂದಲು ಉದುರಿದ ತಲೆಗೆ ಮೈಸೂರು ರೇಷ್ಮೆಯ ಸ್ಕಾರ್ಫ್ ಎಂದರೆ ಎಷ್ಟು ಚೆಂದದ ಯೋಚನೆ ಎನಿಸುತ್ತದೆ, ಆದರೆ ರೇಷ್ಮೆ ಬೋಳು ತಲೆಯ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಬಸ್ಸಿನಲ್ಲಿ, ನಾಲ್ಕು ಜನರ ಎದುರು ಜಾರಿದರೆ ಅವರಿಗೆ ಆಗುವ ಮುಜುಗರ ದೊಡ್ಡದು. ತಲೆಗೆ ಬೇಕಾದದ್ದು ಮಲ್ ಹತ್ತಿಯ ಚೌಕ, ಅಂಚಿನಿಂದ ಅಂಚಿಗೆ ಸುಮಾರು 1 ಮೀಟರ್. ಗಂಜಿ ಹೋಗುವಂತೆ ಎರಡು ಸಲ ಒಗೆದು ಕೊಡಿ. ಮೂಲೆಯಿಂದ ಮೂಲೆಗೆ ಮಡಿಸಿ ತ್ರಿಕೋನ ಮಾಡಿ, ಉದ್ದನೆಯ ಅಂಚನ್ನು ಹುಬ್ಬಿಗೆ ಎರಡು ಬೆರಳು ಮೇಲೆ ಇಟ್ಟು, ಎರಡು ತುದಿಗಳನ್ನು ಹಿಂದೆ ಕತ್ತಿನ ಬುಡದಲ್ಲಿ ಇಳಿಬಿದ್ದ ಮೂಲೆಯ ಮೇಲೆ ಗಂಟು ಹಾಕಬೇಕು. ಗಂಟು ತಲೆಯ ಹಿಂಭಾಗದ ಉಬ್ಬಿನ ಕೆಳಗೆ ಬಂದರೆ ಜಾರದು, ಮೇಲೆ ಬಂದರೆ ಮಲಗಿದಾಗ ಒತ್ತುತ್ತದೆ. ರಾತ್ರಿಗೆ ಟೋಪಿ ಹೊಲಿಸುವುದಾದರೆ ಟೈಲರ್‌ಗೆ ಒಂದು ಮಾತು ಹೇಳಿ: ಹೊಲಿಗೆಯ ಅಂಚು ಹೊರಗಡೆ ಬರಲಿ. ಕೂದಲು ಉದುರುವ ದಿನಗಳಲ್ಲಿ ನೆತ್ತಿಯ ಚರ್ಮ ಮುಟ್ಟಿದರೆ ನೋಯುತ್ತದೆ, ಒಳಗಿನ ಒಂದು ಎಳೆ ಹೊಲಿಗೆಯೂ ರಾತ್ರಿಯಿಡೀ ಚುಚ್ಚುತ್ತದೆ.

ಕೂದಲು ಸಾಮಾನ್ಯವಾಗಿ ಮೊದಲ ಕೀಮೋ ಆದ ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ. ಎಲ್ಲ ಔಷಧಕ್ಕೂ ಉದುರುವುದಿಲ್ಲ. ಡಾಕ್ಸೊರುಬಿಸಿನ್, ಪ್ಯಾಕ್ಲಿಟಾಕ್ಸೆಲ್‌ಗೆ ಬಹುಮಟ್ಟಿಗೆ ಪೂರ್ತಿ ಹೋಗುತ್ತದೆ, ಮಾತ್ರೆಯಲ್ಲಿ ಕೊಡುವ ಕೆಪೆಸಿಟಾಬಿನ್‌ಗೆ ತೆಳುವಾಗುವುದೇ ಹೆಚ್ಚು. ಹಾಗಾಗಿ ಕೇಳದೆ ವಿಗ್ ಒಯ್ಯಬೇಡಿ. ವಿಗ್ ಬೇಕು ಎಂದು ಅವರೇ ಹೇಳಿದರೆ, ಕೂದಲು ಇರುವಾಗಲೇ ಒಂದು ಫೋಟೊ ಮತ್ತು ಒಂದು ಸಣ್ಣ ಎಳೆ ತೆಗೆದಿಟ್ಟುಕೊಂಡರೆ ಬಣ್ಣ ಹೊಂದಿಸಲು ಅನುಕೂಲ.

ಇನ್ನು ಚಕ್ಕೋತ. ಈ ಹಣ್ಣಿನಲ್ಲೂ ದ್ರಾಕ್ಷಿಹಣ್ಣಿನ ಹೆಸರಿಟ್ಟುಕೊಂಡ ಗ್ರೇಪ್‌ಫ್ರೂಟ್‌ನಲ್ಲೂ ಇರುವ ಕೆಲವು ಅಂಶಗಳು ಕರುಳಿನಲ್ಲಿ ಔಷಧ ಒಡೆಯುವ ಕಿಣ್ವವನ್ನು ತಡೆಯುತ್ತವೆ. ಅದರಿಂದ ಕೆಲವು ಕ್ಯಾನ್ಸರ್ ಮಾತ್ರೆಗಳ ಪ್ರಮಾಣ ರಕ್ತದಲ್ಲಿ ಏರಿಬಿಡುತ್ತದೆ. ಕಿತ್ತಳೆಗೆ ಈ ದೋಷವಿಲ್ಲ, ಬಾಯಿ ಹುಣ್ಣಾಗಿದ್ದರೆ ಹುಳಿ ಉರಿಸುತ್ತದೆ ಅಷ್ಟೆ. ನಂಜನಗೂಡು ರಸಬಾಳೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಹಣ್ಣಿಲ್ಲ. ಸಿಪ್ಪೆ ಸುಲಿದು ತಿನ್ನುವಂಥದ್ದು, ಮೆತ್ತಗಿನದ್ದು, ಹುಳಿ ಕಡಿಮೆ. ದ್ರಾಕ್ಷಿ ಗೊಂಚಲನ್ನು ಪೂರ್ತಿ ತೊಳೆಯುವುದು ಕಷ್ಟ. ಕತ್ತರಿಸಿಟ್ಟ ಹಣ್ಣು, ಬೀದಿಬದಿಯ ಕಬ್ಬಿನ ಹಾಲು ಬೇಡ. ಅದಕ್ಕೆ ಹಾಕುವ ಐಸ್ ಯಾವ ನೀರಿನದೋ, ಗಾಣವನ್ನು ಎಂದು ತೊಳೆದರೋ ಯಾರಿಗೆ ಗೊತ್ತು? ಎಳನೀರನ್ನು ಕೆತ್ತಿಸದೆ ಇಡಿಯಾಗಿ ಕೊಟ್ಟು, ಕುಡಿಯುವ ಹೊತ್ತಿಗೆ ಮನೆಯಲ್ಲಿ ಶುಚಿಯಾದ ಕತ್ತಿಯಿಂದ ತೆರೆಯಲು ಹೇಳಿ. ಮೂತ್ರಪಿಂಡದ ತೊಂದರೆ ಇದ್ದರೆ ಅದರಲ್ಲಿರುವ ಪೊಟ್ಯಾಸಿಯಂ ಕಾರಣಕ್ಕೆ ಡಾಕ್ಟರನ್ನು ಕೇಳಬೇಕು.

ಮೈಸೂರು ಪಾಕ್? ಮೂರನೇ ವಾರ, ಒಂದೇ ಒಂದು ತುಂಡು, ಅವರು ಆಸೆಪಟ್ಟರೆ ಖಂಡಿತ. ‘ಸಕ್ಕರೆ ತಿಂದರೆ ಗೆಡ್ಡೆ ಬೆಳೆಯುತ್ತದೆ’ ಎಂದು ಸಿಹಿಯನ್ನೇ ಕಿತ್ತುಕೊಳ್ಳುವವರಿದ್ದಾರೆ. ಸಿಹಿಯ ಒಂದು ತುಂಡು ಗೆಡ್ಡೆಯನ್ನು ಬೆಳೆಸುತ್ತದೆ ಎನ್ನಲು ಆಧಾರವಿಲ್ಲ. ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದರೆ ಮಾತ್ರ ಜೋಪಾನ, ಏಕೆಂದರೆ ಸ್ಟೀರಾಯ್ಡ್ ತೆಗೆದುಕೊಂಡ ದಿನಗಳಲ್ಲಿ ಸಕ್ಕರೆ ಮಟ್ಟ ತಾನಾಗಿಯೇ ಏರಿರುತ್ತದೆ.

ಅಡುಗೆಯ ಡಬ್ಬಿ

ಊಟ ಕಳಿಸುವುದು ಅತ್ಯಂತ ಹಳೆಯ ಮತ್ತು ಇವತ್ತಿಗೂ ಅತ್ಯಂತ ಉಪಯೋಗದ ಉಡುಗೊರೆ. ತಪ್ಪಾಗುವುದು ಪ್ರಮಾಣದಲ್ಲಿ, ಖಾರದಲ್ಲಿ, ಪಾತ್ರೆಯಲ್ಲಿ.

ನಾಲ್ಕು ಸೇರಿನ ಪಾತ್ರೆಯಲ್ಲಿ ಬಿಸಿಬೇಳೆಬಾತ್ ಕಳಿಸಿದರೆ ಅದನ್ನು ನೋಡಿಯೇ ಹಸಿವು ಸಾಯುತ್ತದೆ. 200ರಿಂದ 250 ಮಿಲಿಲೀಟರ್ ಹಿಡಿಯುವ ಸಣ್ಣ ಡಬ್ಬಿಗಳು ಸಾಕು, ಎರಡು ಮೂರು ಬಗೆ. ಪ್ರತಿ ಡಬ್ಬಿಯ ಮೇಲೆ ಏನು, ಯಾವಾಗ ಮಾಡಿದ್ದು ಎಂದು ಚೀಟಿ ಅಂಟಿಸಿ. ಮಾಡಿದ ಎರಡು ಗಂಟೆಯೊಳಗೆ ತಿನ್ನಬೇಕು ಇಲ್ಲವೇ ಫ್ರಿಜ್ಜಿಗೆ ಸೇರಬೇಕು. ಅನ್ನದ ವಿಷಯದಲ್ಲಿ ಇದು ತುಂಬ ಮುಖ್ಯ. ಅನ್ನ ಹೊರಗೆ ಹೆಚ್ಚು ಹೊತ್ತು ಉಳಿದರೆ ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬೆಳಗ್ಗೆಯ ಚಿತ್ರಾನ್ನವನ್ನು ಸಂಜೆ ಕೊಟ್ಟು ಬರುವ ಅಭ್ಯಾಸ ಇಲ್ಲಿ ಸಲ್ಲದು. ವಾಪಸು ಕೊಡಬೇಕಿಲ್ಲದ ಡಬ್ಬಿಯಲ್ಲೇ ಕೊಡಿ. ‘ಅವರ ಪಾತ್ರೆ ತೊಳೆದು, ಅದರೊಳಗೆ ಏನಾದರೂ ಹಾಕಿ ಹಿಂದಿರುಗಿಸಬೇಕು’ ಎನ್ನುವ ಯೋಚನೆಯೇ ಆ ಮನೆಯವರಿಗೆ ಇನ್ನೊಂದು ಕೆಲಸ.

ಬಾಯಿ ಹುಣ್ಣಾದವರಿಗೆ ನಮ್ಮ ಮುದ್ದೆ ದೇವರು ಕೊಟ್ಟ ವರ. ಅಗಿಯಬೇಕಿಲ್ಲ, ನುಂಗಿದರಾಯಿತು. ಸಮಸ್ಯೆ ಇರುವುದು ಸಾರಿನಲ್ಲಿ. ಹಸಿಮೆಣಸಿನಕಾಯಿ ರುಬ್ಬಿದ ಬಸ್ಸಾರು, ಹುಣಸೆಹುಳಿ, ಮಾವಿನಕಾಯಿ ಎಲ್ಲವೂ ಉರಿಸುತ್ತವೆ. ಮಸ್ಸೊಪ್ಪನ್ನು ಮೆಣಸಿನಕಾಯಿ ಇಲ್ಲದೆ, ಬೇಳೆ ಚೆನ್ನಾಗಿ ಮಸೆದು, ಮೇಲೆ ಒಂದು ಚಮಚ ತುಪ್ಪ ಬಿಟ್ಟು ಕಳಿಸಿ. ಮುದ್ದೆ ಎಂದಿಗಿಂತ ಮೆದುವಾಗಿರಲಿ, ನಿಂಬೆಹಣ್ಣಿನ ಗಾತ್ರದ ನಾಲ್ಕೈದು ಉಂಡೆ ಮಾಡಿ. ಗಂಟಲಿನ ರೇಡಿಯೇಷನ್ ಆಗಿ ನುಂಗಲು ಕಷ್ಟ ಇರುವವರಿಗೆ ಮುದ್ದೆ ಬೇಡ, ಸಿಕ್ಕಿಹಾಕಿಕೊಳ್ಳಬಹುದು. ಅವರಿಗೆ ಗಂಜಿ. 2 ಟೇಬಲ್ ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಒಂದೂವರೆ ಲೋಟ ನೀರಿಗೆ ಹುಯ್ದು, ಹಸಿ ವಾಸನೆ ಹೋಗುವವರೆಗೆ ಐದಾರು ನಿಮಿಷ ತಿರುವಿ. ಬೆಲ್ಲವನ್ನೂ ಉಪ್ಪನ್ನೂ ಹಾಕದೆ ಬೇರೆ ಬೇರೆ ಪೊಟ್ಟಣದಲ್ಲಿ ಕೊಡಿ. ರುಚಿ ಕೆಟ್ಟ ನಾಲಿಗೆಗೆ ಇವತ್ತು ಯಾವುದು ಹಿಡಿಸುತ್ತದೆ ಎಂದು ಅವರಿಗೂ ಮುಂಚೆ ಗೊತ್ತಿರುವುದಿಲ್ಲ.

ವಾಕರಿಕೆಯ ದಿನಗಳಲ್ಲಿ ಹೊಗೆಯಾಡುವ ಊಟಕ್ಕಿಂತ ಆರಿದ ಊಟ ಒಳ್ಳೆಯದು, ಏಕೆಂದರೆ ಬಿಸಿ ಏರಿದಷ್ಟೂ ವಾಸನೆ ಏಳುತ್ತದೆ. ಒಗ್ಗರಣೆಯಿಲ್ಲದ ಇಡ್ಲಿ, ಮೆತ್ತಗಿನ ಪೊಂಗಲ್, ಅಂದೇ ಕಲಸಿದ ಮೊಸರನ್ನ ಹಿಡಿಸುತ್ತವೆ. ಮೊಟ್ಟೆಯಾದರೆ ಹಳದಿ ಗಟ್ಟಿಯಾಗುವಷ್ಟು ಬೇಯಲಿ. ಕೋಸಂಬರಿ, ಹಸಿ ಸೌತೆಕಾಯಿ, ಕಾಯಿಸದ ಹಾಲು ಕೌಂಟ್ ಇಳಿದ ವಾರ ಬೇಡ.

ಒಂದು ಔಷಧದ ಹೆಸರನ್ನು ನೆನಪಿಡಿ: ಆಕ್ಸಾಲಿಪ್ಲಾಟಿನ್. ದೊಡ್ಡ ಕರುಳು, ಜಠರದ ಕ್ಯಾನ್ಸರ್‌ಗೆ ಹೆಚ್ಚಾಗಿ ಕೊಡುತ್ತಾರೆ. ಇದನ್ನು ಪಡೆದ ಮೇಲೆ ಕೆಲವು ದಿನ ತಣ್ಣನೆಯದೇನೂ ಆಗದು. ಫ್ರಿಜ್ಜಿನ ಬಾಟಲಿ ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದಂತೆ ಜುಮ್ಮೆನ್ನುತ್ತದೆ, ತಣ್ಣನೆ ನೀರು ಕುಡಿದರೆ ಗಂಟಲು ಬಿಗಿಹಿಡಿದಂತಾಗುತ್ತದೆ. ಬೇರೆಯವರ ಬಾಯಿಹುಣ್ಣಿಗೆ ಹಿತ ಕೊಡುವ ಐಸ್‌ಕ್ರೀಮ್ ಇವರಿಗೆ ಹಿಂಸೆ. ಇವರಿಗೆ ಒಪ್ಪುವ ಉಡುಗೊರೆ ಒಳ್ಳೆಯ ಥರ್ಮಸ್ ಫ್ಲಾಸ್ಕ್ ಮತ್ತು ಫ್ರಿಜ್ ತೆರೆಯುವಾಗ ಹಾಕಿಕೊಳ್ಳಲು ಒಂದು ಜೊತೆ ಹತ್ತಿಯ ಕೈಗವಸು.

ತಗಡಿನ ರುಚಿಗೆ ಒಂದು ಸಣ್ಣ ಪರಿಹಾರ ಇದೆ. ನಮ್ಮ ಮನೆಗಳಲ್ಲಿ ತಟ್ಟೆ, ಲೋಟ, ಚಮಚ ಎಲ್ಲವೂ ಸ್ಟೀಲ್. ಆ ದಿನಗಳಲ್ಲಿ ಸ್ಟೀಲ್ ಚಮಚ ಬಾಯಿಗಿಟ್ಟರೆ ರುಚಿ ಇನ್ನೂ ಕೆಡುತ್ತದೆ ಎಂದು ಅನೇಕರು ಹೇಳುತ್ತಾರೆ. ಒಂದು ಪಿಂಗಾಣಿ ಬಟ್ಟಲು, ಒಂದು ಲೋಟ, ನುಣುಪಾದ ಎರಡು ಮರದ ಚಮಚ. ಮುನ್ನೂರು ನಾನೂರು ರೂಪಾಯಿಯ ಈ ಉಡುಗೊರೆ ದಿನಕ್ಕೆ ಆರು ಸಲ ಬಳಕೆಯಾಗುತ್ತದೆ. ಮರದ ಚಮಚವನ್ನು ಪ್ರತಿ ಸಲ ತೊಳೆದು ಬಿಸಿಲಿಗೆ ಒಣಗಿಸಬೇಕು.

ಥರ್ಮಾಮೀಟರ್

ಇದನ್ನು ಉಡುಗೊರೆ ಎಂದು ಯಾರೂ ಭಾವಿಸುವುದಿಲ್ಲ, ಆದರೆ ಕೀಮೋ ನಡೆಯುವ ಮನೆಯಲ್ಲಿ ಇದಕ್ಕಿಂತ ಬೆಲೆಬಾಳುವ ಸಣ್ಣ ವಸ್ತು ಇಲ್ಲ. ಕೌಂಟ್ ಇಳಿದಾಗ ಸೋಂಕಿನ ಗುರುತಾಗಿ ಕೀವು, ಬಾವು ಕಾಣದಿರಬಹುದು, ಜ್ವರ ಒಂದೇ ಗುರುತಾಗಿರಬಹುದು. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ‘ಬೆಳಗಾಗಲಿ’ ಎಂದು ಕಾಯುವ ಹಾಗಿಲ್ಲ. ಮೊದಲೇ ಪ್ಯಾರಾಸಿಟಮಾಲ್ ನುಂಗಿಬಿಟ್ಟರೆ ಜ್ವರ ಇಳಿದು ಗುರುತೇ ಮರೆಯಾಗುತ್ತದೆ. ಮಾತ್ರೆಗೆ ಮುಂಚೆ ಅಳತೆ, ಅಳತೆಯ ನಂತರ ಫೋನ್.

ಪಾದರಸದ್ದು ಬೇಡ, ಡಿಜಿಟಲ್ ಕೊಡಿ. ಜೊತೆಗೆ ಅದರ ಬಟನ್ ಸೆಲ್ ಒಂದು ಹೆಚ್ಚಿಗೆ. ಬಿಸಿ ಕಾಫಿ ಕುಡಿದ ಅರ್ಧ ಗಂಟೆಯೊಳಗೆ ಬಾಯಲ್ಲಿ ನೋಡಿದರೆ ಅಳತೆ ತಪ್ಪುತ್ತದೆ. ಕಂಕುಳಲ್ಲಿ ಇಟ್ಟರೆ ಬಾಯಿಯ ಅಳತೆಗಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ, ಅದನ್ನು ಗಮನದಲ್ಲಿಡಬೇಕು. ಪೆಟ್ಟಿಗೆಯ ಮೇಲೆ ಅವರ ಆಸ್ಪತ್ರೆಯ ರಾತ್ರಿ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಕೊಡಿ. ಒಂದು ನೋಟ್‌ಬುಕ್ಕೂ ಇರಲಿ: ತಾರೀಖು, ಹೊತ್ತು, ಜ್ವರ, ತೆಗೆದುಕೊಂಡ ಮಾತ್ರೆ, ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ.

ಬಾಯಿಗೆ ಮೃದು ಬ್ರಷ್, ಸ್ಪಿರಿಟ್ ಇಲ್ಲದ ಮೌತ್‌ವಾಶ್ ಕೊಡಬಹುದು. ಅದಕ್ಕೂ ಅಗ್ಗದ್ದು ಅಡುಗೆಮನೆಯಲ್ಲೇ ಇದೆ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡ, ಅದರರ್ಧ ಉಪ್ಪು. ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ ಉಗಿಯಬೇಕು.

ಬಟ್ಟೆ, ಬಳೆ, ಅರಿಶಿನ ಕುಂಕುಮ

ಸ್ತನದ ಆಪರೇಷನ್ ಆದವರಿಗೆ ಮೊದಲ ಕೆಲವು ವಾರ ತೋಳು ಮೇಲಕ್ಕೆತ್ತುವುದು ಕಷ್ಟ. ಮುಂದೆ ಹುಕ್ಕು ಇರುವ ರವಿಕೆ ನಡೆಯುತ್ತದೆ, ತಲೆಯ ಮೇಲಿಂದ ಹಾಕುವ ನೈಟಿ ನಡೆಯುವುದಿಲ್ಲ. ಹೊಟ್ಟೆಯವರೆಗೂ ಗುಂಡಿ ಇರುವ ನೈಟಿ ಹೊಲಿಸಿ, ಕಂಕುಳ ಸುತ್ತಳತೆಯನ್ನು ಮಾಮೂಲಿಗಿಂತ ಒಂದೆರಡು ಅಂಗುಲ ಸಡಿಲ ಬಿಡಿಸಿ. ಆಪರೇಷನ್ ಜಾಗದಿಂದ ನೀರು ಇಳಿಯಲು ಒಂದು ಪೈಪು, ಅದರ ತುದಿಗೆ ಒಂದು ಡಬ್ಬಿ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದೇ ಓಡಾಡುವ ಪಾಡು ತಪ್ಪಿಸಲು ಒಳಬದಿಯಲ್ಲಿ, ಸೊಂಟದ ಮಟ್ಟಕ್ಕೆ, ಒಂದು ಗೇಣು ಅಗಲದ ಜೇಬು ಹೊಲಿಸಿ. ಜೇಬು ಗಾಯಕ್ಕಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ನೀರು ಇಳಿಯದು. ಇಂಥ ಎರಡು ನೈಟಿ ಸಿಕ್ಕಿದವರು ವರ್ಷಗಟ್ಟಲೆ ಅದನ್ನು ನೆನೆಯುತ್ತಾರೆ.

ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದ ಕಡೆಯ ಕೈಗೆ ಊತ ಬರುವ ಸಾಧ್ಯತೆ ಬಹಳ ಕಾಲ ಉಳಿಯುತ್ತದೆ. ಆ ಕೈಗೆ ಬಿಗಿಯಾದ ಬಳೆ, ಒಡೆದರೆ ಕೊಯ್ಯುವ ಗಾಜಿನ ಬಳೆ, ಗಟ್ಟಿಯಾಗಿ ಕಟ್ಟಿದ ತಾಯಿತ, ಹರಕೆಯ ದಾರ ಬೇಡ. ಬಳೆ ಕೊಡಬೇಕೆಂಬ ಆಸೆ ಇದ್ದರೆ ಇನ್ನೊಂದು ಕೈಗೆ ಕೊಡಿ ಅಥವಾ ಒಂದು ಸುತ್ತು ಸಡಿಲ ಇರುವ ಲೋಹದ ಬಳೆ ಕೊಡಿ. ಅರಿಶಿನ ಕುಂಕುಮಕ್ಕೆ ಕರೆದಾಗ ಕೊಡುವ ತಾಂಬೂಲದಿಂದ ಅಡಿಕೆಯನ್ನು ತೆಗೆದಿಡಿ. ಬಾಯಿ ಕ್ಯಾನ್ಸರ್‌ನ ರೋಗಿಗಂತೂ ಕೊಡಲೇಬಾರದು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಕೀಮೋ ಹಾಕುವ ಕೋಣೆ ಎಸಿಯಿಂದ ತಣ್ಣಗಿರುತ್ತದೆ, ಕೂರುವುದು ಮೂರು ನಾಲ್ಕು ಗಂಟೆ. ಅದಕ್ಕೊಂದು ಚೀಲ ತಯಾರಿಸಿ ಕೊಡಬಹುದು: ಹತ್ತಿಯ ಶಾಲು, ಸಡಿಲವಾದ ಕಾಲುಚೀಲ, ಉದ್ದನೆಯ ಚಾರ್ಜರ್ ವೈರು, ಇಯರ್‌ಫೋನ್, ತುಟಿಗೆ ಪರಿಮಳವಿಲ್ಲದ ವ್ಯಾಸಲೀನ್. ಪುಸ್ತಕ ಕೊಡುವವರು ದಪ್ಪ ಕಾದಂಬರಿ ಕೊಡಬೇಡಿ. ಕೀಮೋ ದಿನಗಳಲ್ಲಿ ಓದಿದ ಪುಟ ತಲೆಯಲ್ಲಿ ನಿಲ್ಲುವುದಿಲ್ಲ, ಅದೇ ಒಂದು ಬೇಸರ. ಕೇಳುವುದು ಸುಲಭ. ಒಂದು ಪುಟ್ಟ ರೇಡಿಯೊ ಕೊಡಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಬಾನುಲಿ ಶುರುಮಾಡಿದ, ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ ಊರು ನಮ್ಮದು. ಬೆಳಗಿನ ಜಾವ ನಿದ್ದೆ ಬಾರದೆ ಮಲಗಿರುವವರಿಗೆ ಅದೊಂದು ಜೊತೆ. ಚೌಕಾಬಾರ, ಅಳಗುಳಿಮಣೆ ಕೂಡ ಒಳ್ಳೆಯ ಉಡುಗೊರೆಗಳೇ. ಕೆಲವು ಔಷಧಗಳಿಂದ ಬೆರಳ ತುದಿ ಜೋಮು ಹಿಡಿದಿರುತ್ತದೆ, ಹುಣಸೆಬೀಜ ಹಿಡಿಯಲು ಬರುವುದಿಲ್ಲ. ಅಂಥವರಿಗೆ ದೊಡ್ಡ ಕವಡೆ ಅಥವಾ ಗುಂಡಿ ಇಟ್ಟುಕೊಡಿ. ಜೋಮು ಹಿಡಿದ ಪಾದಕ್ಕೆ ಹಿಂದೆ ಪಟ್ಟಿ ಇರುವ, ಜಾರದ ಚಪ್ಪಲಿ. ಬಿಸಿನೀರಿನ ಚೀಲ ಮಾತ್ರ ಬೇಡ. ಸುಟ್ಟರೂ ತಿಳಿಯುವುದಿಲ್ಲ.

ತೀರ್ಥ, ಕಷಾಯ, ಬೇರು

ಚಾಮುಂಡಿಬೆಟ್ಟದಿಂದ, ನಂಜನಗೂಡಿನಿಂದ ಪ್ರಸಾದ ತರುವವರ ಮನಸ್ಸು ದೊಡ್ಡದು. ಆದರೆ ಕೌಂಟ್ ಇಳಿದ ವಾರ ತೀರ್ಥ, ಹಸಿಹಾಲಿನ ಪಂಚಾಮೃತ ಕುಡಿಯಬಾರದು. ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಡಲು ಹೇಳಿ. ಕಲ್ಲುಸಕ್ಕರೆಯಂಥ ಒಣ ಪ್ರಸಾದ ತಂದರೆ ಈ ಇಕ್ಕಟ್ಟೇ ಇರುವುದಿಲ್ಲ.

ಔಷಧದಂತೆ ಸೇವಿಸುವ ಯಾವುದನ್ನೂ ಉಡುಗೊರೆಯಾಗಿ ಒಯ್ಯಬೇಡಿ. ಅಮೃತಬಳ್ಳಿಯಿಂದ, ಅಶ್ವಗಂಧದಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ದಾಖಲಾಗಿವೆ. ಕೀಮೋ ಔಷಧಗಳಲ್ಲಿ ಅನೇಕವು ಅದೇ ಯಕೃತ್ತಿನ ಮೂಲಕ ಹೊರಹೋಗಬೇಕು. ಲಿವರ್ ಟೆಸ್ಟ್ ಏರಿದರೆ ಮುಂದಿನ ಡೋಸ್ ನಿಲ್ಲುತ್ತದೆ. ಲಕ್ಷ್ಮಣಫಲ ಕ್ಯಾನ್ಸರ್ ವಾಸಿ ಮಾಡುತ್ತದೆ ಎನ್ನುವ ಮೆಸೇಜುಗಳಿಗೆ ಮನುಷ್ಯರ ಮೇಲೆ ನಡೆದ ಚಿಕಿತ್ಸಾ ಪರೀಕ್ಷೆಗಳ ಬೆಂಬಲವಿಲ್ಲ. ಅಡುಗೆಗೆ ಹಾಕುವ ಚಿಟಿಕೆ ಅರಿಶಿನ ಬೇರೆ, ಅರಿಶಿನದ ಸಾರವಾದ ಕರ್ಕ್ಯುಮಿನ್‌ನ ಕ್ಯಾಪ್ಸೂಲ್ ಬೇರೆ. ಯಾರಾದರೂ ಆಗಲೇ ತಂದುಕೊಟ್ಟಿದ್ದರೆ, ಆ ಪೊಟ್ಟಣವನ್ನೇ ಹಿಡಿದು ಮುಂದಿನ ಸಲ ಡಾಕ್ಟರಿಗೆ ತೋರಿಸುವಂತೆ ರೋಗಿಗೆ ಧೈರ್ಯ ಹೇಳಿ. ಬೈಯುತ್ತಾರೆಂದು ಮುಚ್ಚಿಟ್ಟು ಕುಡಿಯುವುದೇ ದೊಡ್ಡ ಅಪಾಯ.

ಕೊಂಡು ತರಲಾಗದ ಉಡುಗೊರೆಗಳು

ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ಆರು ವಾರದ ರೇಡಿಯೇಷನ್ ಎಂದರೆ 30 ದಿನ, ದಿನಕ್ಕೆ 90 ಕಿಲೋಮೀಟರ್, ಒಟ್ಟು 2,700 ಕಿಲೋಮೀಟರ್. ಹಳ್ಳಿಯಿಂದ ಮಂಡ್ಯಕ್ಕೆ ಬರುವುದು ಇದರ ಮೇಲೆ. ವಾರಕ್ಕೊಂದು ದಿನ ‘ಮಂಗಳವಾರ ನನ್ನದು’ ಎಂದು ಕಾರಿನಲ್ಲಿ ಕರೆದೊಯ್ಯುವ ಐದು ಜನ ಸಿಕ್ಕರೆ ಆ ಮನೆಯ ಅರ್ಧ ಭಾರ ಇಳಿಯಿತು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಸೆಕೆಂಡ್ ಕ್ಲಾಸ್ ಮತ್ತು ಎಸಿ ಚೇರ್‌ಕಾರಿನಲ್ಲಿ 75 ಪ್ರತಿಶತ ರಿಯಾಯಿತಿ ಇದೆ. ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಉಂಟು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವವರಿಗೆ ಇದು ಸಣ್ಣ ಮೊತ್ತವಲ್ಲ. ಡಾಕ್ಟರ ಸಹಿಯ ಫಾರಂ ತುಂಬಿಸಿ ಕೌಂಟರಿನಲ್ಲಿ ನಿಂತು ಬರುವ ಕೆಲಸವನ್ನು ನೀವು ವಹಿಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೂ ದಾರಿಖರ್ಚು, ಹೊರಗಿನ ಊಟ, ತಪ್ಪಿದ ಕೂಲಿ ಕೈಯಿಂದಲೇ ಹೋಗುತ್ತದೆ.

ಹಾಗಾಗಿ ಹಣ ಕೊಡಲು ಸಂಕೋಚ ಬೇಡ. ನಮ್ಮ ಕಡೆ ಮುಯ್ಯಿ ಬರೆಸುವ ಪದ್ಧತಿ ಇದೆ. ಯಾರು ಎಷ್ಟು ಕೊಟ್ಟರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ತೀರಿಸುತ್ತಾರೆ. ಈ ಹಣ ಆ ಪುಸ್ತಕಕ್ಕೆ ಸೇರಬಾರದು, ಅದನ್ನು ಬಾಯಿಬಿಟ್ಟು ಹೇಳಿ. ‘ಇದು ಮುಯ್ಯಿ ಅಲ್ಲ, ವಾಪಸು ಬರಬೇಕಾದ್ದೂ ಅಲ್ಲ’ ಎಂದರೆ ತೆಗೆದುಕೊಳ್ಳುವವರ ಮನಸ್ಸು ಹಗುರಾಗುತ್ತದೆ. ಮೆಡಿಕಲ್ ಸ್ಟೋರಿನ ಒಂದು ತಿಂಗಳ ಬಾಕಿ, ಮಗುವಿನ ಶಾಲೆಯ ಒಂದು ಕಂತನ್ನು ನೇರವಾಗಿ ಕಟ್ಟಿಬಿಟ್ಟರೆ ಇನ್ನೂ ಒಳ್ಳೆಯದು.

ಹಳ್ಳಿಯ ಮನೆಯಲ್ಲಿ ಹಸು ಕಾಯಿಲೆ ನೋಡಿ ಹಾಲು ನಿಲ್ಲಿಸುವುದಿಲ್ಲ. ಎರಡು ಹೊತ್ತು ಕರೆದು ಡೇರಿಗೆ ಹಾಕಿ ಬರುವುದು, ನಾಲೆ ನೀರಿನ ಸರದಿ ಬಂದ ರಾತ್ರಿ ಗದ್ದೆಗೆ ಹೋಗುವುದು, ಕಬ್ಬು ಕಡಿಯುವ ಆಳುಗಳನ್ನು ಗೊತ್ತು ಮಾಡುವುದು, ಇವೆಲ್ಲ ಉಡುಗೊರೆಗಳೇ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ‘ಗುರುವಾರ ಸಂಜೆ ಹಾಲು ನಾನು ಹಾಕ್ತೀನಿ’ ಎಂದರೆ ಒಪ್ಪುತ್ತಾರೆ. ರೋಗಿಯ ಪಕ್ಕದಲ್ಲೇ ತಿಂಗಳುಗಟ್ಟಲೆ ಕೂತ ಹೆಂಡತಿಗೋ ಮಗನಿಗೋ ಮೂರು ಗಂಟೆ ನಿದ್ದೆ ಸಿಗುವಂತೆ ನೀವು ಆ ಕುರ್ಚಿಯಲ್ಲಿ ಕೂತುಕೊಳ್ಳಿ.

ರಕ್ತ ಕೊಡುವ ಮಾತು ಬಂದರೆ ಮೊದಲು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣ. ರಕ್ತದ ಕ್ಯಾನ್ಸರ್ ಇರುವವರಿಗೆ ಇದು ಮತ್ತೆ ಮತ್ತೆ ಬೇಕಾಗುತ್ತದೆ, ಶೇಖರಿಸಿಟ್ಟರೆ ಐದೇ ದಿನ ಬಾಳುತ್ತದೆ. ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ಮರಳಿಸುತ್ತಾರೆ, ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಕೊಡುವವರ ತೂಕ 50 ಕೆಜಿಗಿಂತ ಹೆಚ್ಚಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. 48 ಗಂಟೆ ಕಳೆದರೆ ಮತ್ತೆ ಕೊಡಬಹುದು, ವಾರಕ್ಕೆ ಎರಡಕ್ಕಿಂತ, ವರ್ಷಕ್ಕೆ 24ಕ್ಕಿಂತ ಹೆಚ್ಚು ಸಲ ಇಲ್ಲ. ಪೂರ್ತಿ ರಕ್ತವಾದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ. ಅಸ್ಥಿಮಜ್ಜೆ ಕಸಿ ಆಗುವ ಸಂಭವ ಇದ್ದರೆ ಒಡಹುಟ್ಟಿದವರು ಮುಂದಾಗಿ ಕೊಡಬೇಡಿ. ರೋಗಿಯ ದೇಹ ಅವರ ಜೀವಕೋಶಗಳ ವಿರುದ್ಧ ಮೊದಲೇ ತಯಾರಾಗಿಬಿಟ್ಟರೆ ಮುಂದೆ ಅವರ ಮಜ್ಜೆಯೇ ನಿಲ್ಲದೆ ಹೋಗಬಹುದು. ಆಗ ಕೊಡಬೇಕಾದವರು ಗೆಳೆಯರು, ಓಣಿಯವರು, ಸಹೋದ್ಯೋಗಿಗಳು.

ಚಿಕಿತ್ಸೆಯಿಂದ ಗುಣವಾಗದು ಎಂದು ತಿಳಿದ ಮನೆಗೆ ಹೋಗುವಾಗ ವಸ್ತುಗಳ ಪಟ್ಟಿ ಬೇಡ. ಅವರಿಗೆ ಎಚ್ಚರ ಇರುವ ಹೊತ್ತು ಕೇಳಿಕೊಂಡು ಹೋಗಿ ಅರ್ಧ ಗಂಟೆ ಕೂತು ಬನ್ನಿ. ಮಾತು ಅವರೇ ತೆಗೆಯಲಿ. ನೋಡಬೇಕೆಂದಿದ್ದ ಊರು, ಮಾತಾಡಬೇಕೆಂದಿದ್ದ ನೆಂಟರು ಯಾರಾದರೂ ಇದ್ದರೆ ಅದನ್ನು ಆಗುಮಾಡಿ.

ಚಿಕಿತ್ಸೆ ಮುಗಿದವರಿಗೆ ಸುಸ್ತು ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲ ಒಂದೆರಡು ವರ್ಷ ಹೆಚ್ಚಿನವರಿಗೆ ಮೂರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಸ್ಕ್ಯಾನ್‌ಗೆ ಮುಂಚಿನ ವಾರ ನಿದ್ದೆ ಹತ್ತುವುದಿಲ್ಲ, ರಿಪೋರ್ಟ್ ಬರುವ ತನಕ ಅನ್ನ ಸೇರುವುದಿಲ್ಲ. ಆ ತಾರೀಖುಗಳನ್ನು ಕೇಳಿ ನಿಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲೇ ಬರೆದಿಟ್ಟುಕೊಳ್ಳಿ. ಸ್ಕ್ಯಾನಿಗೆ ಕೆಲವು ಗಂಟೆ ಏನೂ ತಿನ್ನದೆ ಬರಲು ಹೇಳಿರುತ್ತಾರೆ, ಮುಗಿಸಿ ಹೊರಬರುವ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ. ಒಂದು ಡಬ್ಬಿ ಇಡ್ಲಿ, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕಾದು ಕೂತಿರಿ.